ನೀರು ಕುಡಿಯುವ ಕಲ್ಲು

2020ರ ಜನವರಿಯಲ್ಲಿ ಅಪ್ಪ ಅಮ್ಮ ಊರಿನಿಂದ ಕಡಲಾಚೆಯ ನಮ್ಮ ಪೊವೇ ಮನೆಗೆ ಬಂದಿದ್ದಾಗ ಎಲ್ಲರೂ ಹವಾಯಿಗೆ ಹೋಗಿದ್ದೆವು. ಅಪ್ಪ ನಿವೃತ್ತ ಭೂವಿಜ್ಞಾನದ ಮೇಷ್ಟ್ರು. ಕಪ್ಪು ಕಲ್ಲಿನ ದಡದಲ್ಲಿ ನಿಂತು ಅಮ್ಮನಿಗೆ ಪಾಠ ಶುರು ಮಾಡಿದರು.

"ಬೆಂಕಿ ಸಮುದ್ರದ ಕೆಳಗೆ ಇದ್ದಲ್ಲೇ ಇರತ್ತೆ ಕಣೇ, ಮೇಲಿನ ನೆಲ ಸರೀತಾ ಹೋಗತ್ತೆ. ನೀನು ಸಂಡಿಗೆ ಒತ್ತೋವಾಗ ಯಾರಾದ್ರೂ ಕೆಳಗಿನ ಪಂಚೆ ಎಳೀತಾ ಹೋದ್ರೆ ಸಾಲಾಗಿ ಬೀಳಲ್ವಾ? ಹಾಗೇ ಈ ದ್ವೀಪಗಳು. ಬೆಂಕಿಯಿಂದ ದೂರ ಹೋಗಿದ್ದು ತಣ್ಣಗಾಗಿ ನಿಧಾನಕ್ಕೆ ಮುಳುಗತ್ತೆ."

"ಅಯ್ಯೋ ಪಾಪ," ಎಂದಳು ಅಮ್ಮ.

ಅಪ್ಪ ನಕ್ಕು, ತೂತುತೂತಾದ ಲಾವಾ ಕಲ್ಲೊಂದನ್ನು ಅವಳ ಕೈಗಿಟ್ಟರು. ಅವರಾಗಿಯೇ ಕೊಟ್ಟ ಉಡುಗೊರೆ ಇದೊಂದೇ ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಳು. ನಮ್ಮಲ್ಲಿ ಅಡುಗೆಮನೆಯ ಕಪಾಟೇ ದೇವರಮನೆ. ಅಲ್ಲಿ ಕಲ್ಲಿಗೂ ಒಂದು ತಟ್ಟೆ ಸಿಕ್ಕಿತು. ದಿನಾ ಒಂದು ಉದ್ಧರಣೆ ನೀರು ಹಾಕಿದರೆ ಗುಳ್ಳೆಯೆದ್ದು ಒಳಗೆ ಇಳಿಯುತ್ತಿತ್ತು.

"ನೋಡ್ರೀ, ನೀವು ಕಾಫಿ ಕುಡಿದ ಹಾಗೇ ಕುಡಿಯತ್ತೆ," ಎಂದು ಅಪ್ಪನನ್ನು ಕಾಡುತ್ತಿದ್ದಳು.

ಕೊರೊನಾ ಬಂದು ವಿಮಾನ ನಿಂತು ಅವರು ಇಲ್ಲೇ ಉಳಿದರು. ಆ ವರ್ಷದ ಕೊನೆಯ ಚಳಿಗಾಲದಲ್ಲಿ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮನ್ನು ಒಳಗೆ ಬಿಡಲಿಲ್ಲ. ಮರುವರ್ಷ ನನ್ನ ಗಂಡನ ಕೆಲಸ ಹೋಯಿತು. ಪರಿಚಯದ ಆಂಟಿಯೊಬ್ಬರು ಫೋನಿನಲ್ಲಿ, "ಹವಾಯಿಯಿಂದ ಕಲ್ಲು ತಂದ್ರಾ? ಒಳ್ಳೇದಾಗಲ್ಲಮ್ಮ, ಅಲ್ಲಿನ ದೇವಿಗೆ ಕೋಪ ಬರತ್ತಂತೆ, ತಂದವರೇ ವಾಪಸ್ ಪೋಸ್ಟ್ ಮಾಡ್ತಾರೆ," ಎಂದರು.

ಇಂಥದ್ದನ್ನೆಲ್ಲ ಕೇಳಿ ನಗುವ ಎಂಜಿನಿಯರ್ ನಾನು. ಆದರೆ ಆಗ ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು, ಕಲ್ಲು ಕೈಗೆ ಸಿಕ್ಕಿತು. ಅಮ್ಮನಿಗೆ ಹೇಳದೆ ಅದನ್ನು ದ್ವೀಪಕ್ಕೆ ಪೋಸ್ಟ್ ಮಾಡಿದೆ. ನಮ್ಮ ಕಡೆಯದೇ ಡೆಲ್ ಮಾರ್ ಕಡಲ ದಡದಿಂದ ಅಷ್ಟೇ ದಪ್ಪದ ಕಪ್ಪು ಕಲ್ಲು ತಂದು ತಟ್ಟೆಯಲ್ಲಿಟ್ಟೆ. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಗೊತ್ತಾಗುವುದಿಲ್ಲ ಅಂದುಕೊಂಡೆ.

ಬೆಳಿಗ್ಗೆ ಅಮ್ಮ ನೀರು ಹಾಕಿದಳು. ಅದು ಜಾರಿ ತಟ್ಟೆಗೆ ಬಿತ್ತು. ಇನ್ನೊಂದು ಉದ್ಧರಣೆ ಹಾಕಿದಳು.

"ಕುಡೀತಾ ಇಲ್ಲ ಕಣೇ," ಎಂದಳು.

ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ," ಎಂದಷ್ಟೇ ಅಂದಳು. "ಕಳಿಸೋ ಮುಂಚೆ ಒಂದ್ಸಲ ನೀರಾದ್ರೂ ಹಾಕ್ತಿದ್ದೆ."

ಅಪ್ಪ ಹೋಗುವಾಗಲೂ ಅವಳಿಗೆ ಅವರ ಬಾಯಿಗೆ ನೀರು ಬಿಡಲು ಆಗಿರಲಿಲ್ಲ. ಅದು ನನಗೆ ಆ ಕ್ಷಣದವರೆಗೆ ಹೊಳೆದಿರಲೇ ಇಲ್ಲ.

ಈಗಲೂ ಅವಳು ಆ ಡೆಲ್ ಮಾರ್ ಕಲ್ಲಿಗೇ ದಿನಾ ನೀರು ಹಾಕುತ್ತಾಳೆ. ಬಗ್ಗಿ ಸ್ವಲ್ಪ ಹೊತ್ತು ನೋಡುತ್ತಾಳೆ. ಆಮೇಲೆ ತಟ್ಟೆ ಒರೆಸಿಡುತ್ತಾಳೆ.