ಈರಣ್ಣನ ನಾಲಿಗೆಗೆ ನಾನು ಕೊಟ್ಟ ಸೂಜಿ

ಈರಣ್ಣ, ನಿನ್ನ ನಾಲಿಗೆಯ ಎಡಭಾಗ ಸತ್ತದ್ದು ಹೊಗೆಸೊಪ್ಪಿನಿಂದಲ್ಲ. ನನ್ನ ಸೂಜಿಯಿಂದ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಮನೆಯ ಮಜ್ಜಿಗೆ ಕುಡಿದೆ — ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಕೊಡಿಗೇನಹಳ್ಳಿಯಲ್ಲಿ ನಮ್ಮ ಅಂಗಡಿಯ ಹಿಂದೆಯೇ ನಿನ್ನ ಕಪಿಲೆ ಬಾವಿ. ನಸುಕಿನಲ್ಲೇ ನಿನ್ನ ಹಾಡು ಶುರುವಾಗುತ್ತಿತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ನೀನು ಹಗ್ಗದ ಮೇಲೆ ಕೂರುತ್ತಿದ್ದೆ, ಚಿಕ್ಕವನಾದ ನನ್ನನ್ನೂ ಮುಂದೆ ಕೂರಿಸಿಕೊಳ್ಳುತ್ತಿದ್ದೆ. ಅತ್ತ ಚರ್ಮದ ಬಾನಿ ಮೇಲೆ ಬಂದು ನೀರು ಸುರಿಯುತ್ತಿತ್ತು. ಎತ್ತುಗಳು ಹಿಂದಕ್ಕೆ ನಡೆದು ದಿಬ್ಬ ಏರಬೇಕಾದಾಗ ನೀನು ರಾಗ ಎಳೆಯುತ್ತಿದ್ದೆ, ಅಷ್ಟೇ. ನೀನು ಚಾಟಿ ಎತ್ತಿದ್ದನ್ನು ನಾನು ನೋಡಿದ್ದೇ ಇಲ್ಲ. ತಕ್ಕಡಿ ಹಿಡಿದ ಅಪ್ಪನೂ ಒಂದು ಗಳಿಗೆ ಕೈ ನಿಲ್ಲಿಸುತ್ತಿದ್ದರು. ಎಂಥ ಬೆಳಗುಗಳವು — ಈಗ ನೆನೆದರೂ ಎದೆ ತುಂಬಿ ಬರುತ್ತದೆ.

ನಾನು ಹಲ್ಲಿನ ವೈದ್ಯ ಕಲಿತು ಮಧುಗಿರಿ ಪೇಟೆಯಲ್ಲಿ ಮಹಾರಾಜರ ಪಟ ತೂಗುಹಾಕಿ ಕೋಣೆ ತೆರೆದಾಗ ಒಂದು ನರಪಿಳ್ಳೆಯೂ ಬರಲಿಲ್ಲ. ಶಿರಾದಿಂದ ಸಂತೆಗೆ ಬರುತ್ತಿದ್ದ ಹಕೀಮರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಲ್ಲು ಕೀಳುತ್ತಿದ್ದರು. ನನ್ನದು ನೀರು ಕುದಿಸಿ, ಮಾತ್ರೆ ಕರಗಿಸಿ, ಮರಗಟ್ಟುವ ಸೂಜಿ ಹಾಕುವ ನಿಧಾನದ ಕೆಲಸ. ಆಗ ಸಂತೆಯ ದಿನ ನೀನು ದವಡೆ ಹಿಡಿದುಕೊಂಡು ಬಂದೆ. ಒಬ್ಬನೇ ಬಂದೆಯಾ? "ನಮ್ ಹುಡ್ಗ ಕಣ್ರಲಾ, ನೋವೇ ಗೊತ್ತಾಗಾಕಿಲ್ವಂತೆ, ಬಂದ್ ನೋಡ್ರಿ" ಎಂದು ಅರ್ಧ ಸಂತೆಯನ್ನೇ ಬಾಗಿಲಿಗೆ ಕರೆತಂದೆ.

ಸಿರಿಂಜನ್ನು ಸ್ಪಿರಿಟ್ಟಿನಲ್ಲಿ ಅದ್ದಿಡುತ್ತಿದ್ದೆ. ತೆಗೆದ ಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದೇ ಮದ್ದು ಎಳೆಯಬೇಕು. "ಅಳತೆಗೆ ಕೊಟ್ಟ ಮದ್ದು ನರವನ್ನು ಮಲಗಿಸಿ ಎಬ್ಬಿಸುತ್ತೆ. ಜೊತೆಗೆ ಸ್ಪಿರಿಟ್ಟು ಹೋದರೆ ನರ ಏಳದೇ ಹೋದೀತು" ಎಂದು ನನ್ನ ಗುರುಗಳು ಹೇಳಿ ಹೇಳಿ ಸಾಕಾಗಿದ್ದರು. ಬಾಗಿಲಲ್ಲಿ ಯಾವನೋ, "ಹಕೀಮಪ್ಪ ಆಗಿದ್ರೆ ಇಷ್ಟೊತ್ಗೆ ಕಿತ್ತು ಕೈಗೆ ಕೊಟ್ಬುಡೋನು" ಎಂದ. ಎಲ್ಲರೂ ನಕ್ಕರು. ನನಗೆ ರೇಗಿತು — ತೊಳೆಯಲಿಲ್ಲ.

ಮದ್ದು ತಳ್ಳಿದೊಡನೆ ನೀನು ಕುರ್ಚಿ ಹಿಡಿದು, "ಉರಿ ಕಣಪ್ಪ, ಕೆಂಡ ಇಟ್ಟಂಗೈತೆ" ಎಂದು ಒದ್ದಾಡಿದೆ. ಆಗಲೇ ನನಗೆ ತಿಳಿಯಿತು. ತಿಳಿದೂ ಹಲ್ಲು ಕಿತ್ತೆ, ಎತ್ತಿ ಹಿಡಿದು ಜನರಿಗೆ ತೋರಿಸಿದೆ. ಗಾಯ ಮಾಯುವ ತನಕ ಹೊಗೆಸೊಪ್ಪು ಮುಟ್ಟಬೇಡ ಎಂದು ಹೇಳಿ ನಿನ್ನನ್ನು ಕಳಿಸಿದೆ.

ತಿಂಗಳಾದರೂ ನಿನ್ನ ನಾಲಿಗೆಯ ಜೋಮು ಬಿಡಲಿಲ್ಲ. ಆ ಕಡೆಗೆ ಸಾರಿನ ರುಚಿ ಹತ್ತುವುದಿಲ್ಲ, ಹಾಡಲು ಹೋದರೆ ನಾಲಿಗೆ ಕಚ್ಚಿ ರಕ್ತ ಬರುತ್ತದೆ ಎಂದು ಹೇಳಿಕೊಳ್ಳಲು ಬಂದೆ. ಆಗ ನಾನು — ಆ ಮಾತು ಹೇಗೆ ಹೊರಟಿತೋ — "ಹೊಗೆಸೊಪ್ಪು ಹಾಕ್ಕೊಂಡೆ ತಾನೆ?" ಎಂದು ಕೇಳಿದೆ.

"ಒಂದೇ ಒಂದು ಎಸಳು..." ಎಂದು ತಲೆ ತಗ್ಗಿಸಿದೆ.

"ಮತ್ತೆ? ಅದಕ್ಕೇ."

ನೀನು ನಂಬಿದೆ. ಅಂದೇ ಹೊಗೆಸೊಪ್ಪು ಬಿಟ್ಟೆ. ನಿನ್ನ ಹೆಂಡತಿ ಗಂಗಮ್ಮ ಮಾತ್ರ ಬಿಡಲಿಲ್ಲ, "ಚಟಕ್ಕೆ ಬಿದ್ದು ಬಾಯಿ ಕೆಡಿಸ್ಕಂಡ" ಎಂದು ಬಂದವರೆದುರಿಗೆಲ್ಲ ಬೈಯುತ್ತಲೇ ಬಂದಳು. ನಾನೂ ಎಷ್ಟೋ ಸಲ ಅಲ್ಲೇ ಕೂತು ಕೇಳಿದ್ದೇನೆ. ನಿನ್ನ ಕಪಿಲೆಯಲ್ಲಿ ಹಾಡು ನಿಂತಿತು. ಊರಿಗೆ ಹೋದಾಗ ಬಾವಿಯ ಕಡೆಯಿಂದ ಚಾಟಿಯ ಸದ್ದು ಕೇಳಿಸುತ್ತಿತ್ತು.

ಹೋದ ವಾರ ನೀನು ಮಗಳನ್ನು ಕರೆತಂದೆ. "ಡಾಕ್ಟ್ರಪ್ಪ, ಇವಳ್ಗೂ ನೀನೇ ಸೂಜಿ ಹಾಕು. ನನ್ನಂಗೆ ಮಾತು ಮೀರಿ ಕೆಡಿಸ್ಕಳಾಕಿಲ್ಲ ಇವ್ಳು" ಎಂದು ನಕ್ಕೆ. ಸಿರಿಂಜನ್ನು ತೊಳೆದೆ, ಮತ್ತೆ ತೊಳೆದೆ. ಸಂಜೆಯೊಳಗೆ ಅವಳ ನಾಲಿಗೆಗೆ ಉಪ್ಪು ಖಾರ ತಿಳಿಯಿತು. ನೀನು ನನಗೆ ಕೈ ಮುಗಿದೆ. ಅದನ್ನೂ ತೆಗೆದುಕೊಂಡೆ.

ನಾಳೆ ಬರುತ್ತೇನೆ. ಗಂಗಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ, ಮಗಳನ್ನೂ ಕರೆ. ಕ್ಷಮಿಸು ಎಂದು ಕೇಳುವುದಿಲ್ಲ. ಈರಣ್ಣ ಯಾರ ಮಾತನ್ನೂ ಮೀರಲಿಲ್ಲ, ಮೀರಿದವನು ನಾನು — ಇಷ್ಟನ್ನು ಗಂಗಮ್ಮನ ಮುಖ ನೋಡಿ ಹೇಳಬೇಕು.