ಎತ್ತಿಗೆ ಕೇಳಿ ಬರೆದವರು

ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆಯ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ನಿಡೋಣಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅತ್ತಿಗೆಯ ಬ್ರಷ್ ಕೈಗೆತ್ತಿಕೊಂಡೆ. ಅವರು ಚಹಾ ಸೋಸಿ ತರುವಷ್ಟರೊಳಗೆ ಮುಗಿಸಬೇಕೆಂದು ಮೊಬೈಲಿನಲ್ಲಿ ಗಂಟೆ ನೋಡಿಕೊಂಡಿದ್ದೆ.

ನಾನು ವಿಜಯಪುರದಲ್ಲಿ ಚಿತ್ರಕಲಾ ಶಿಕ್ಷಕ; ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಹಬ್ಬಕ್ಕೆ, ಭಾನುವಾರಕ್ಕೆ ಊರಿಗೆ ಬರುತ್ತೇನೆ. ಐದು ವರ್ಷ ಕಾಲೇಜಿನಲ್ಲಿ ಕಲಿತವನು. ಅತ್ತಿಗೆ ತಿಕೋಟಾದವರು, ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಹಬ್ಬಕ್ಕೆ ಎತ್ತಿನ ಮೈಮೇಲೆ ಬಳ್ಳಿ ಬರೆಯುವುದನ್ನು ತವರಿನಲ್ಲಿ ಅಪ್ಪನಿಂದ ಕಲಿತಿದ್ದರು. ಬ್ರಷ್ಷನ್ನು ಮೊದಲು ಎತ್ತಿನ ಮೂಗಿಗೆ ಹಿಡಿಯಬೇಕು. ಅದು ಮೂಸಿ ಉಸಿರು ಬಿಟ್ಟ ಮೇಲೆ ಮೈಗೆ ತಾಗಿಸಬೇಕು. ಚರ್ಮ ನಡುಗಿದರೆ ಆ ಜಾಗ ಬಿಟ್ಟು ಮುಂದೆ ಹೋಗಬೇಕು. ಹಾಗಾಗಿ ಅವರ ಬಳ್ಳಿ ಭುಜದ ಹತ್ತಿರ ಥಟ್ಟನೆ ನಿಂತು, ಒಂದು ಗೇಣು ಬಿಟ್ಟು, ಪಕ್ಕೆಯ ಮೇಲೆ ಮತ್ತೆ ಹುಟ್ಟುತ್ತಿತ್ತು.

ಕಾಗದದ ಮೇಲೆ ಎತ್ತು ಬರೆದಾಗಲೂ ಅವರು ಹಾಗೆಯೇ ಅಲ್ಲಲ್ಲಿ ಖಾಲಿ ಬಿಡುತ್ತಿದ್ದರು. ಒಮ್ಮೆ ಕೇಳಿದೆ, "ಇಲ್ಲ್ಯಾಕ ಬಿಟ್ರಿ, ವೈನಿ?"

"ಅಲ್ಲಿ ಅದಕ್ಕ ಮನಸಿಲ್ಲ."

"ಇದು ಕಾಗದಾರಿ. ಎತ್ತು ಹೊರಗೈತಿ."

"ನಿಮಗ ಹೊರಗೈತಿ, ಮಾಸ್ತರ," ಎಂದು ನಕ್ಕರು.

ಆ ಕಾಗದಗಳನ್ನು ವಿಜಯಪುರದ ಒಂದು ಪ್ರದರ್ಶನಕ್ಕೆ ಒಯ್ದವನು ನಾನೇ. ನನ್ನ ದೊಡ್ಡತನ ತೋರಿಸಲು ಒಯ್ದಿದ್ದೆ. ಸ್ನಾಯುವಿಗೆ ಸ್ನಾಯು ಹೊಂದಿಸಿ ಬರೆದ ನನ್ನ ಎರಡು ಎತ್ತುಗಳೂ ಅದೇ ಗೋಡೆಯ ಮೇಲಿದ್ದವು. ಜನ ಅವನ್ನು ದಾಟಿ ಹೋಗಿ ಅತ್ತಿಗೆಯ ಚಿತ್ರಗಳ ಮುಂದೆ ನಿಂತರು. ನನಗೆ ಕಲಿಸಿದ ಗುರುಗಳೂ ನಿಂತರು. "ಎತ್ತಿಗೆ ಕೇಳಿ ಬರದಾಳಪಾ ಈಕಿ," ಎಂದರು. ನನ್ನವು ಹೇಗಿವೆ ಎಂದು ಕೇಳಿದ್ದಕ್ಕೆ "ಛಲೋ ಅದಾವ" ಎಂದರು. ಆ 'ಛಲೋ'ವನ್ನು ಬಸ್ಸಿನಲ್ಲಿ ಸಾರವಾಡ ದಾಟುವವರೆಗೂ ಅಗಿಯುತ್ತ ಬಂದೆ.

ಅವರದು ಬರೀ ಕೈಚಳಕವಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅದನ್ನು ದುಡಿದು ಕಲಿಯಬಹುದು. ಆದರೆ ಅತ್ತಿಗೆ ಬಂದರೆ ನಮ್ಮ ಎತ್ತಿನ ಕಿವಿಗಳು ಮುಂದಕ್ಕೆ ಬರುತ್ತಿದ್ದವು. ನಾನು ಬಂದರೆ ಅದು ಮುಖ ತಿರುಗಿಸಿ ಮೇವಿಗೆ ಬಾಯಿ ಹಾಕುತ್ತಿತ್ತು. ಆ ಪ್ರಾಣಿಯೊಳಗೆ ಯಾರೋ ಇದ್ದರು. ಆ ಯಾರೋ ನನ್ನನ್ನು ಒಳಗೆ ಕರೆದಿರಲಿಲ್ಲ.

ಆ ಬೆಳಿಗ್ಗೆ ಎಡ ತೊಡೆಯ ಮೇಲೆ ಅತ್ತಿಗೆ ಬಿಟ್ಟಿದ್ದ ಜಾಗವನ್ನು ತುಂಬಿಬಿಡಲು ಹಿಂದಿನಿಂದ ಹೋಗಿ ಬ್ರಷ್ ಇಟ್ಟೆ. ಚರ್ಮ ನಡುಗಿತು. ನೋಡಿದೆ, ನೋಡಿಯೂ ಮತ್ತೆ ಒತ್ತಿದೆ. ಮೂರನೆಯ ಸಲಕ್ಕೆ ಎತ್ತು ಇಡೀ ಮೈ ತಿರುಗಿಸಿ ತಲೆ ಬೀಸಿತು. ಅದೇ ಹೊತ್ತಿಗೆ ಅತ್ತಿಗೆ ಚಹಾದ ಕಪ್ಪು ಹಿಡಿದು ಗೋಡೆಯ ಕಡೆಯಿಂದ ಒಳಗೆ ಬಂದಿದ್ದರು. ಎತ್ತಿಗೂ ಗೋಡೆಗೂ ನಡುವೆ ಸಿಕ್ಕ ಅವರ ತೋಳಿನ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಕೊಂಬು ಅವರ ಕುತ್ತಿಗೆಯಿಂದ ನಾಲ್ಕು ಬೆರಳು ಆಚೆ ಮಣ್ಣಿನ ಗೋಡೆಗೆ ನಾಟಿತು. ಮಣ್ಣು ಉದುರಿತು. ಅವರು ಚೀರಲಿಲ್ಲ. "ಹೋ, ನನ್ನಪ್ಪಾ, ಹೋ," ಎಂದರು. ಎತ್ತು ಹಿಂದೆ ಸರಿಯಿತು. ನಾನು ಬ್ರಷ್ ಹಿಡಿದೇ ನಿಂತಿದ್ದೆ.

ವಿಜಯಪುರದ ಆಸ್ಪತ್ರೆಯಲ್ಲಿ ಅವರ ಬಲಗೈ ಕಟ್ಟಿದರು. ಹೇಗಾಯಿತೆಂದು ಯಾರೂ ಕಂಡಿರಲಿಲ್ಲ, ನಾನೂ ಹೇಳಲಿಲ್ಲ. ಅಣ್ಣ, "ಮಂದೀ ಮ್ಯಾಲೆ ಬರೂ ಎತ್ತು ಮನ್ಯಾಗ ಬ್ಯಾಡ. ಬರೂ ಸಂತಿಗೆ ಬಬಲೇಶ್ವರಕ್ಕ ಹೊಡಕೊಂಡು ಹೋಗಿ ಮಾರ್‍ತೇನಿ," ಎಂದ. ಹಾಯುವ ಎತ್ತನ್ನು ಉಳಲು ಯಾರೂ ಕೊಳ್ಳುವುದಿಲ್ಲ. ಅದು ಎಲ್ಲಿ ಸೇರುತ್ತದೆಂದು ಮೂವರಿಗೂ ಗೊತ್ತಿತ್ತು.

"ಅದು ಸುಮ್‌ಸುಮ್ನ ಹಾಂಗ ಮಾಡಾಂಗಿಲ್ಲ. ಏನೋ ಆಗಿರಬೇಕು," ಎಂದರು ಅತ್ತಿಗೆ.

ಎಲುಬು ಮುರಿದರೂ ಅದನ್ನೇ ನಂಬಿದರು. ಬರೆಯಲು ನಾಚಿಕೆಯಾಗುತ್ತದೆ: ಎತ್ತು ಹೋದರೆ ಇವರ ಚಿತ್ರವೂ ಹೋಗುತ್ತದೆ ಎಂದು ನನಗೆ ಒಳಗೊಳಗೇ ಹಿತವಾಯಿತು. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಆ ಕೊಂಬು ಬರುತ್ತಿತ್ತು, ನಿದ್ದೆ ಹಾರಿಹೋಗುತ್ತಿತ್ತು. ಒಮ್ಮೊಮ್ಮೆ ನಾಲ್ಕು ಬೆರಳು ಈಚೆಗೇ ನಾಟುತ್ತಿತ್ತು.

ಸಂತೆಯ ಬೆಳಿಗ್ಗೆ ಅಣ್ಣ ಹಗ್ಗ ಬಿಚ್ಚಿದಾಗ ಹೇಳಿದೆ. "ಅಣ್ಣಾ, ತಪ್ಪು ನಂದು. ಅದು ಬ್ಯಾಡಂದ್ರೂ ಮೂರು ಸಲ ಬ್ರಷ್ ಒತ್ತೀನಿ."

"ಯಾಕಲೇ?"

"ಹೊಟ್ಟಿಕಿಚ್ಚಿಗೆ."

"ಎತ್ತಿನ ಮ್ಯಾಲ?"

"ವೈನಿ ಮ್ಯಾಲ."

ಅಣ್ಣ ನನ್ನನ್ನೊಮ್ಮೆ, ಎತ್ತನ್ನೊಮ್ಮೆ ನೋಡಿ ಹಗ್ಗವನ್ನು ಮತ್ತೆ ಗೂಟಕ್ಕೆ ಬಿಗಿದ. "ಸಾಲಿ ಕಲತಾಂವ ನೀ," ಎಂದಷ್ಟೇ ಹೇಳಿ ಹೊಲಕ್ಕೆ ಹೋದ. ಬಾಗಿಲಲ್ಲಿದ್ದ ಅತ್ತಿಗೆಗೂ ಕೇಳಿಸಿತ್ತು. ಅವರು ತಿರುಗಿ ಒಳಗೆ ಹೋದರು. ಮುಂದಿನ ಎರಡು ಭಾನುವಾರ ಊರಿಗೆ ಹೋದಾಗಲೂ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ಭಾನುವಾರ ಕೊಟ್ಟಿಗೆಯಿಂದ ಕರೆದರು. "ಮಾಸ್ತರ, ಬರ್‍ರಿ, ಹಲಗಿ ಹಿಡೀರಿ. ಎಡಗೈಲೆ ಬರೀಬೇಕು, ಅಳ್ಳಾಡತೈತಿ."

ಕೂತು ಹಿಡಿದೆ. ಗೆರೆ ಸೊಟ್ಟಗಿತ್ತು, ನಡುಗುತ್ತಿತ್ತು. ಆದರೂ ಕಾಗದದ ಮೇಲೆ ಎತ್ತು ಉಸಿರಾಡುತ್ತಿತ್ತು. ನನ್ನ ಬಲಗೈಯಿಂದ ಅಂಥದ್ದು ಎಂದೂ ಬಂದಿಲ್ಲ. ಹೊಟ್ಟೆ ಮತ್ತೆ ಉರಿಯಿತು. ಉರಿದರೂ ಹಲಗೆಯನ್ನು ಅಲುಗದಂತೆ ಹಿಡಿದೇ ಇದ್ದೆ.

ಅಂದು ಸಂಜೆಯ ಬಸ್ಸಿಗೆ ವಿಜಯಪುರಕ್ಕೆ ಬಂದು ಮಲಗಿದೆ. ಕಣ್ಣು ಮುಚ್ಚಿದರೂ ಕೊಂಬು ಬರಲಿಲ್ಲ. ಮರುದಿನ ನನ್ನನ್ನು ಎಬ್ಬಿಸಿದ್ದು ಬಾಗಿಲು ಬಡಿದ ಮನೆಯೊಡತಿ: "ನಳದ ನೀರು ಬಂದು ಹೋತ್ರಿ ಸರ! ಇಷ್ಟೊತ್ತನಾ ಮಲ್ಕೊಂಡೀರಿ?"