ಕೊಳೆಯಿಲ್ಲದ ಕಾಲಿಗೆ ನೀರು

ಬಚ್ಚಲಲ್ಲಿ ಕೂತು ಹಿಮ್ಮಡಿಗೆ ಸಾಬೂನು ಹಚ್ಚಿ ತಿಕ್ಕುತ್ತಿದ್ದೆ. ಯೇಸು ಕೊನೆಯ ಊಟದ ಹೊತ್ತಿಗೆ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಸಾಗರದ ನಮ್ಮ ಚರ್ಚಿನಲ್ಲಿ ಈ ಸಲ ಆ ಹನ್ನೆರಡರಲ್ಲಿ ನಾನೂ ಒಬ್ಬಳು. "ವಿಡಿಯೋ ಇದೆ ಟೀಚರ್, ಕಾಲು ಚೆನ್ನಾಗಿ ಉಜ್ಕೊಂಡು ಬನ್ನಿ" ಎಂದು ಚರ್ಚಿನ ಕಾರ್ಯದರ್ಶಿ ಬೆಳಿಗ್ಗೆಯೇ ಹೇಳಿದ್ದ. ಸಾಬೂನಿನ ವಾಸನೆ ಮೂಗಿಗೆ ಹೊಡೆದದ್ದೇ ಗಂಟೆ ಅಜ್ಜ ನೆನಪಾದ... ಸಿಟ್ಟು ನೆತ್ತಿಗೇರಿತು.

ನಾನು ಬೆಳೆದದ್ದು ಹೊಸನಗರದ ಕಡೆ. ಅಲ್ಲಿನ ಸಣ್ಣ ಚರ್ಚಿನ ಗಂಟೆ ಹೊಡೆಯುತ್ತಿದ್ದವನು ಈ ಅಜ್ಜ. ನಮ್ಮವರು ಯಾರೇ ಸತ್ತರೂ ಗುಂಡಿ ತೋಡುತ್ತಿದ್ದವನೂ ಅವನೇ. ಬಾಯಿ ಮಾತ್ರ ಹರಕು. ನಮ್ಮಜ್ಜಿಯ ಗುಂಡಿಗೆ ಕಲ್ಲು ಅಡ್ಡ ಬಂದಾಗ "ಮುದುಕಿ ಸತ್ಮೇಲೂ ಹಟ ಬಿಡ್ಲಿಲ್ಲ ನೋಡಿ" ಎಂದು, ಅಳುತ್ತಿದ್ದ ನಮ್ಮನ್ನೆಲ್ಲ ನಗಿಸಿದ್ದ. ಆಮೇಲೊಂದು ಮಳೆಗಾಲದಲ್ಲಿ ಗುಂಡಿ ತೋಡುವಾಗಲೇ ಪಿಕಾಸಿ ಕಾಲಿಗೆ ಬಿತ್ತು. ಸಕ್ಕರೆ ಕಾಯಿಲೆ ಬೇರೆ, ಗಾಯ ಮಾಯಲೇ ಇಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಲ್ಲಿನ ವಯಸ್ಸಾದ ಪಾದ್ರಿ ಅಜ್ಜನಿಗೆ, ಈ ಸಲ ಹನ್ನೆರಡರಲ್ಲಿ ನೀನೂ ಕೂರಬೇಕು ಎಂದುಬಿಟ್ಟರು. ಅಜ್ಜ ಮನೆಮನೆಗೆ ಹೋಗಿ ಹೇಳಿಕೊಂಡು ಬಂದ. ಅವನಿಗೆ ಆಸೆ ಅಂತ ಒಂದಿದ್ದರೆ ಅದೇ... ಆ ಸಂಜೆ ಹೊಸ ಪಂಚೆ ಉಟ್ಟು ಬಂದವನನ್ನು ಚರ್ಚಿನ ಯಜಮಾನಿಕೆ ನೋಡುತ್ತಿದ್ದ ಗುರಿಕಾರ ಬಾಗಿಲಲ್ಲೇ ತಡೆದ. ನಾನು ಪಕ್ಕದಲ್ಲಿ ಚಪ್ಪಲಿ ಬಿಡುತ್ತಿದ್ದೆ.

"ಅಜ್ಜ, ಆ ಕೀವು ಕಾಲನ್ನ ಫಾದರ್ ಮುಟ್ಬೇಕಾ? ಗುಣ ಆಗ್ಲಿ, ಮುಂದಿನ ವರ್ಷ ಕೂರುವಿಯಂತೆ."

"ತೊಳ್ದಿರೋ ಕಾಲನ್ನೇ ತೊಳೆಯೋದಾದ್ರೆ ನೀರ್ ಯಾಕೆ ದಂಡ ಮಾರಾಯಾ?" ಎಂದ ಅಜ್ಜ. ಯಾರೂ ನಗಲಿಲ್ಲ. ಅಜ್ಜ ಕುಂಟುತ್ತ ಗಂಟೆಯ ಹಗ್ಗದ ಕಡೆಗೆ ಹೋದ. ಅವನ ಕುರ್ಚಿಯಲ್ಲಿ ಗುರಿಕಾರನ ತಮ್ಮ ಪೌಡರು ಹಚ್ಚಿದ ಕಾಲು ಚಾಚಿ ಕೂತ. ಅಜ್ಜನೇ ಬೇಡ ಅಂದ ಎಂದು ಪಾದ್ರಿಗಳಿಗೆ ಸುಳ್ಳು ಹೇಳಿದರಂತೆ.

ಈಗ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ನಾನೇ. ಯೇಸು ತೊಳೆದದ್ದು ದಾರಿಯ ಧೂಳು ಮೆತ್ತಿದ ಕಾಲುಗಳನ್ನು. ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ತೊಳೆದ. ನಿನ್ನದು ಆಮೇಲೆ ನೋಡೋಣ ಎನ್ನಲಿಲ್ಲ. ನಾವು ಮಾತ್ರ ದೀನತೆ, ಸೇವೆ ಎಂದು ಮೈಕಿನಲ್ಲಿ ಗಂಟಲು ಹರಿದುಕೊಂಡು, ಗುಲಾಬಿ ಪಕಳೆ ತೇಲಿಸಿದ ನೀರಿನಲ್ಲಿ ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತೇವೆ. ನಾಚಿಕೆಗೇಡು! ಕೀವಿಗೆ ಹೇಸುವವರು ಈ ಆಚರಣೆಯನ್ನು ಬಿಟ್ಟುಬಿಡುವುದೇ ಮೇಲು.

ಗುರಿಕಾರ ಹೇಳಿದ ಮುಂದಿನ ವರ್ಷ ಬಂತು. ಅಷ್ಟರಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಜ್ಜನ ಆ ಕಾಲನ್ನು ಕತ್ತರಿಸಿದ್ದರು. ಮಳೆ ಹಿಡಿಯುವ ಮೊದಲೇ ಅಜ್ಜ ಹೋದ. ಅವನ ಗುಂಡಿ ತೋಡಲು ನಮ್ಮಲ್ಲಿ ಒಬ್ಬನೂ ಮುಂದೆ ಬರಲಿಲ್ಲ, ಬೇರೆ ಊರಿನಿಂದ ಕೂಲಿಗೆ ಜನ ಕರೆಸಿದರು. ಆ ಸಂಜೆ ಅವನ ಕಾಲಿಗೆ ಒಂದು ಚೊಂಬು ನೀರು ಹಾಕಿದ್ದರೆ ಯಾರ ಗಂಟು ಹೋಗುತ್ತಿತ್ತು? ಇಷ್ಟು ವರ್ಷವಾದರೂ ನನಗೆ ತಡೆಯಲಾಗುವುದಿಲ್ಲ...

ಸಾಬೂನು ಅಲ್ಲೇ ಬಿಟ್ಟು ಎದ್ದು ಬಂದು ಕಾರ್ಯದರ್ಶಿಗೆ ಫೋನ್ ಮಾಡಿದೆ. ನಾನು ಕೂರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದೆ.

"ಅಯ್ಯೋ, ಯಾಕೆ ಟೀಚರ್?" ಎಂದ ಅವನು ಗಾಬರಿಯಿಂದ. "ಕಾಲಿಗೇನಾದ್ರೂ ಗಾಯ ಆಗಿದ್ಯಾ?"